ಏರ್‌ಬ್ರಷ್‌ಗೆ ಯಾವ ತಿನ್ನರ್, ಯಾವ ಕ್ಲೀನರ್: ಮಲೆನಾಡಿನ ತೇವದಲ್ಲಿ ಅಕ್ರಿಲಿಕ್ ಬಣ್ಣ ಹೊಡೆಯುವವರಿಗೆ

ಹಳೆಯದೊಂದು ಸ್ಟೀಲ್ ಚಮಚಕ್ಕೆ, ವಿಮಾನ, ಬಸ್ಸಿನ ಪುಟ್ಟ ಮಾಡೆಲ್‌ಗಳಿಗೆ ಹೊಡೆಯುವ ವ್ಯಾಲೆಹೊ ಕಂಪನಿಯ ಮಾಡೆಲ್ ಕಲರ್ ಬಣ್ಣ ಎರಡು ಹನಿ ಹಾಕಿ. ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಐಪಿಎ, ಎರಡು ಹನಿ ಬಿಟ್ಟು ಟೂತ್‌ಪಿಕ್‌ನಲ್ಲಿ ಕಲಕಿ. ನೋಡುತ್ತಿದ್ದ ಹಾಗೆಯೇ ಬಣ್ಣ ಎಳೆ ಎಳೆಯಾಗಿ ಕಡ್ಡಿಗೆ ಸುತ್ತಿಕೊಳ್ಳುತ್ತದೆ, ಕೊನೆಗೆ ರಬ್ಬರಿನಂಥ ಮುದ್ದೆಯಾಗುತ್ತದೆ. ಹುಳಿ ಬಿದ್ದ ಹಾಲು ಒಡೆದ ಹಾಗೆ. ಇನ್ನು ಎಷ್ಟು ನೀರು ಹುಯ್ದರೂ ಅದು ಬಣ್ಣವಾಗುವುದಿಲ್ಲ. ಚಮಚ ಒರೆಸಿ, ಇದನ್ನೇ ಟಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣದಲ್ಲಿ ಮಾಡಿ: ಸಲೀಸಾಗಿ ಬೆರೆಯುತ್ತದೆ, ಗಂಟೇ ಇಲ್ಲ.

ಎರಡೂ ಡಬ್ಬಿಯ ಮೇಲೆ ಬರೆದಿರುವುದು ‘ಅಕ್ರಿಲಿಕ್’ ಎಂದೇ. ಆ ಮುದ್ದೆ ಚಮಚದಲ್ಲಿ ಆದರೆ ಒರೆಸಿ ಬಿಸಾಡಬಹುದು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ, ಬಣ್ಣ ಹೊರಬರುವ 0.3 ಮಿ.ಮೀ. ಬಾಯಿಯ ನಾಜಲ್‌ನೊಳಗೆ ಆದರೆ ಆ ಭಾನುವಾರ ಹೋಯಿತು ಅಂತಲೇ ಲೆಕ್ಕ.

ಡಬ್ಬಿಯ ಜಾತಿ

ಅಕ್ರಿಲಿಕ್ ಅನ್ನುವುದು ಬಣ್ಣವನ್ನು ಹಿಡಿದಿಡುವ ಅಂಟಿನ ಹೆಸರು. ಆ ಅಂಟು ಯಾವ ದ್ರವದಲ್ಲಿದೆ ಎಂಬುದನ್ನು ಆ ಪದ ಹೇಳುವುದಿಲ್ಲ, ಬಣ್ಣ ತೆಳು ಮಾಡುವ ತಿನ್ನರ್ ಆರಿಸಲು ಬೇಕಾದದ್ದು ಮಾತ್ರ ಅದೇ.

ಮೊದಲನೆಯದು ನೀರಿನ ಬಣ್ಣ. ವ್ಯಾಲೆಹೊ ಮಾಡೆಲ್ ಕಲರ್, ಮಾಡೆಲ್ ಏರ್, ಎಕೆ 3ನೇ ಜನರೇಷನ್, ಸಿಟಡೆಲ್, ಆರ್ಮಿ ಪೇಂಟರ್ ಈ ಗುಂಪಿನವು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್, ಫೆವಿಕ್ರಿಲ್ ಕೂಡ ಇವೇ. ಇವುಗಳಲ್ಲಿ ಅಂಟು ಕರಗಿರುವುದಿಲ್ಲ, ಹಾಲಿನಲ್ಲಿ ಕೊಬ್ಬಿನ ಕಣ ತೇಲುವಂತೆ ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಆರಿದಾಗ ಕಣಗಳು ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಆಲ್ಕೋಹಾಲ್ ಬಿದ್ದರೆ ಆ ಕೆಲಸ ಡಬ್ಬಿಯಲ್ಲೇ ನಡೆದುಹೋಗುತ್ತದೆ.

ಎರಡನೆಯದು ಆಲ್ಕೋಹಾಲ್ ಬಣ್ಣ. ಟಮಿಯಾದ ಎಕ್ಸ್ ಮತ್ತು ಎಕ್ಸ್‌ಎಫ್ ಅಕ್ರಿಲಿಕ್‌ಗಳು, ಮಿಸ್ಟರ್ ಹಾಬಿಯ ಆಕ್ವಿಯಸ್ ಸರಣಿ. ಮುಚ್ಚಳ ತೆಗೆದರೆ ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯುತ್ತದೆ. ಹಸಿಯಿದ್ದಾಗ ನೀರಿಗೂ ಬಗ್ಗುತ್ತವೆ, ಆದರೆ ಒಗ್ಗುವುದು ಆಲ್ಕೋಹಾಲ್‌ಗೆ.

ಮೂರನೆಯದು ಲ್ಯಾಕರ್, ಅಂದರೆ ಘಾಟಿನ ದ್ರಾವಕದಲ್ಲಿ ಅಂಟು ಕರಗಿರುವ ಬಣ್ಣ: ಮಿಸ್ಟರ್ ಕಲರ್, ಟಮಿಯಾ ಎಲ್‌ಪಿ. ಇವಕ್ಕೆ ಲ್ಯಾಕರ್ ತಿನ್ನರ್ ಬಿಟ್ಟು ಬೇರೇನೂ ಬೇಡ.

ಇಲ್ಲೊಂದು ಗುಂಡಿ ಇದೆ. ಟಮಿಯಾದ ಎನಾಮೆಲ್ ಬಣ್ಣಗಳಿಗೂ ಎಕ್ಸ್, ಎಕ್ಸ್‌ಎಫ್ ಎಂದೇ ನಂಬರು. ಎನಾಮೆಲ್‌ನ ತಿನ್ನರ್ ಎಕ್ಸ್-20, ಅಕ್ರಿಲಿಕ್‌ನದು ಎಕ್ಸ್-20ಎ. ಕೊನೆಯ ‘ಎ’ ನೋಡದೆ ಆರ್ಡರ್ ಹಾಕಿ, ಬಣ್ಣ ಬೆರೆಯುತ್ತಿಲ್ಲ ಎಂದು ಒದ್ದಾಡುವವರು ಬಹಳ.

ಗೊತ್ತಿಲ್ಲದ ಬಾಟಲಿ ಕೈಗೆ ಬಂದರೆ ಚಮಚದ ಪರೀಕ್ಷೆಯೇ ಗತಿ. ಬಣ್ಣ ಒಂದು ಹನಿ, ತಿನ್ನರ್ ಎರಡು ಹನಿ, ಒಂದು ನಿಮಿಷ ಕಲಕಿ ಚಮಚ ಓರೆ ಮಾಡಿ. ಒಂದೇ ಸಮನೆ ಇಳಿದು ಹಿಂದೆ ತೆಳು ಪರದೆ ಬಿಟ್ಟರೆ ಸರಿ. ಕಾಳು ಕಾಳಾಗಿ, ದಾರವಾಗಿ, ಇಲ್ಲವೇ ಬಣ್ಣ ಒಂದು ಕಡೆ ನೀರು ಒಂದು ಕಡೆಯಾಗಿ ಕಂಡರೆ ಏರ್‌ಬ್ರಷ್‌ಗೆ ಹಾಕಬೇಡಿ.

ನೀರಿನ ಬಣ್ಣವನ್ನು ತೆಳು ಮಾಡುವುದು

ಬರೀ ನೀರು ಸಾಲದೇ? ಕೈಬ್ರಷ್‌ಗೆ ಸಾಕು, ಏರ್‌ಬ್ರಷ್‌ಗೆ ಸಾಲದು. ನೀರಿಗೆ ಮೇಲ್ಮೈ ಸೆಳೆತ ಹೆಚ್ಚು. ಕೆಸುವಿನ ಎಲೆಯ ಮೇಲೆ ಮಳೆಹನಿ ಉರುಳಿದಂತೆ ಬಣ್ಣ ಬರಿಯ ಪ್ಲಾಸ್ಟಿಕ್ ಮೇಲೆ ಗುಂಡಾಗಿ ನಿಲ್ಲುತ್ತದೆ. ಜೊತೆಗೆ ನೀರು ಹೆಚ್ಚಾದಷ್ಟೂ ಅಂಟಿನ ಪಾಲು ಕಡಿಮೆಯಾಗಿ ಪೊರೆ ಬಡವಾಗುತ್ತದೆ, ಮಾಸ್ಕಿಂಗ್ ಟೇಪ್ ಎಳೆದಾಗ ಬಣ್ಣವೂ ಎದ್ದು ಬರುತ್ತದೆ. ಕಂಪನಿಯ ಏರ್‌ಬ್ರಷ್ ತಿನ್ನರ್‌ನಲ್ಲಿ ನೀರಿನ ಜೊತೆ ಸ್ವಲ್ಪ ಅಂಟು, ಸೆಳೆತ ತಗ್ಗಿಸುವ ಪದಾರ್ಥ ಇರುವುದರಿಂದ ಈ ಎರಡು ಕಾಟ ಕಡಿಮೆ.

ಅಳತೆ ಹೀಗಿರಲಿ. ಮಾಡೆಲ್ ಕಲರ್‌ನಂಥ ಗಟ್ಟಿ ಬಣ್ಣಕ್ಕೆ 10 ಹನಿಗೆ 10 ಹನಿ ತಿನ್ನರ್‌ನಿಂದ ಶುರು ಮಾಡಿ. ಮಾಡೆಲ್ ಏರ್ ಮೊದಲೇ ತೆಳು, 10 ಹನಿಗೆ 2ರಿಂದ 3 ಸಾಕು. ಹದ ಹೇಗಿರಬೇಕೆಂದರೆ, ತೆಳ್ಳೇವು ದೋಸೆಯ ಹಿಟ್ಟಿಗಿಂತಲೂ ತೆಳು, ಹಾಲಿನಷ್ಟು. ಏರ್‌ಬ್ರಷ್‌ನಲ್ಲಿ ಬಣ್ಣ ಹಾಕುವ ಕಪ್‌ನ ಗೋಡೆಗೆ ಕಡ್ಡಿಯಿಂದ ಹಚ್ಚಿದ ಬಣ್ಣ ಇಳಿದ ಮೇಲೆ ಗೋಡೆ ಮಸುಕಾಗಿ ಬಣ್ಣ ಹಿಡಿದಿರಬೇಕು. ಪೂರಾ ಬೋಳಾದರೆ ತಿನ್ನರ್ ಅತಿಯಾಯಿತು. 0.3 ಮಿ.ಮೀ. ನಾಜಲ್, 15ರಿಂದ 20 ಪಿಎಸ್‌ಐ ಒತ್ತಡ.

ಬಣ್ಣ ಸಲೀಸಾಗಿ ಹರಿಯಲು ಹಾಕುವ ಫ್ಲೋ ಇಂಪ್ರೂವರ್ 10 ಹನಿ ಬಣ್ಣಕ್ಕೆ 1 ಹನಿ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಮಾರ್ಚ್‌ನಿಂದ ಮೇವರೆಗೆ ಮಾತ್ರ, ಅದೂ 1 ಹನಿ. ಶಿವಮೊಗ್ಗದ ಬಿಸಿಲಿಗೆ ಏರ್‌ಬ್ರಷ್ ಒಳಗಿನ ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಕೂರುವುದನ್ನು ಅದು ತಡೆಯುತ್ತದೆ. ಆಷಾಢದಲ್ಲಿ ಅದನ್ನೇ ಹಾಕಿದಿರೋ, ಮೂರು ದಿನವಾದರೂ ಮಾಡೆಲ್ ಬೆರಳಿಗೆ ಅಂಟುತ್ತದೆ.

ಕಂಪನಿ ತಿನ್ನರ್ ದುಬಾರಿ ಎನಿಸಿದರೆ ಮನೆಯಲ್ಲೇ ಬೆರೆಸಬಹುದು. 100 ಮಿ.ಲೀ.ಗೆ: ಡಿಸ್ಟಿಲ್ಡ್ ವಾಟರ್ 75 ಮಿ.ಲೀ., ಅಕ್ರಿಲಿಕ್ ಗ್ಲಾಸ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿನ ಅಂಟು) 20 ಮಿ.ಲೀ., ಫ್ಲೋ ಇಂಪ್ರೂವರ್ 3 ಮಿ.ಲೀ., ರಿಟಾರ್ಡರ್ 2 ಮಿ.ಲೀ. ಬೇಸಿಗೆ ಕಳೆದ ಮೇಲಿನ ಬಾಟಲಿಗೆ ರಿಟಾರ್ಡರ್ ಬೇಡ, ಅದರ ಬದಲು ಅಷ್ಟೇ ನೀರು ಹಾಕಿ. ಮ್ಯಾಟ್ ಮೀಡಿಯಂ ಬೇಡ. ಹೊಳಪು ಕೊಲ್ಲಲು ಅದರಲ್ಲಿ ಹಾಕಿರುವ ಪುಡಿ ನಾಜಲ್‌ನಲ್ಲಿ ಕೂರುತ್ತದೆ. ಒಂದೇ ಸಲ ಲೀಟರ್‌ಗಟ್ಟಲೆ ಮಾಡಿಡಬೇಡಿ. ಬಾಗಿಲಿನ ಹಿಂದೆ ನೇತುಹಾಕಿದ ಬೆಲ್ಟಿಗೇ ಬೂಷ್ಟು ಹಿಡಿಯುವ ಊರಿದು, ಈ ಮಿಶ್ರಣವನ್ನು ಬಿಟ್ಟೀತೇ? ಹುಳಿ ವಾಸನೆ ಬಂದರೆ, ಒಳಗೆ ನೂಲಿನಂಥದ್ದು ತೇಲಿದರೆ ಚೆಲ್ಲಿ.

ನೀರು ಎಲ್ಲಿಂದ? ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ. ಹಂಚಿನಿಂದ ಇಳಿದ ಮಳೆನೀರು ಮೆದುವೇನೋ ಹೌದು, ಆದರೆ ಪಾಚಿ ಮತ್ತು ಧೂಳು ಅದರ ಜೊತೆಗೇ ಬರುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಗ್ಗ, ಅದೇ ಒಳ್ಳೆಯದು. ಬ್ಯಾಟರಿ ಅಂಗಡಿಯಲ್ಲಿ ಪಕ್ಕದ ಕ್ಯಾನ್‌ನಲ್ಲಿ ಆ್ಯಸಿಡ್ ಇರುತ್ತದೆ, ಲೇಬಲ್ ಓದಿಯೇ ತೆಗೆದುಕೊಳ್ಳಿ.

ಕ್ಯಾಮೆಲ್, ಫೆವಿಕ್ರಿಲ್ ಬಗ್ಗೆ ಎರಡು ಮಾತು. ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಾಳೆಯಲ್ಲಿ ಬಸ್ ಮಾಡೆಲ್ ಮಾಡುವ ಹುಡುಗರು ಇವನ್ನೇ ಹೆಚ್ಚು ಬಳಸುತ್ತಾರೆ, ಬಳಸಬಾರದು ಅಂತೇನಿಲ್ಲ. ಪುಡಿ ದಪ್ಪವಿರುವುದರಿಂದ 0.3 ನಾಜಲ್ ಬೇಡ, 0.5 ಮಿ.ಮೀ. ತೆಗೆದುಕೊಳ್ಳಿ. ಒಂದು ಪಾಲು ಬಣ್ಣಕ್ಕೆ ಒಂದೂವರೆ ಪಾಲು ತಿನ್ನರ್, ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿ, ಒತ್ತಡ 25 ಪಿಎಸ್‌ಐ.

ಬಣ್ಣಕ್ಕೆ ಮುಂಚೆ ತಳಕ್ಕೆ ಹೊಡೆಯುವ ನೀರಿನ ಪಾಲಿಯುರೆಥೇನ್ ಪ್ರೈಮರ್‌ಗಳಿಗೆ ಮಾತ್ರ ತಿನ್ನರ್ ಅನ್ನು ಕೈ ತಡೆದು ಹಾಕಿ. ಆದಷ್ಟೂ ಹಾಗೆಯೇ ಹೊಡೆಯಿರಿ, ತೀರಾ ಬೇಕಿದ್ದರೆ ಅದೇ ಕಂಪನಿಯ ತಿನ್ನರ್ ಒಂದೆರಡು ಹನಿ. ಕೆಲಸ ಮುಗಿದ ಕ್ಷಣವೇ ತೊಳೆಯಿರಿ. ಚಹಾ ಕುಡಿದು ಬರುವಷ್ಟರಲ್ಲಿ ಅದು ನಾಜಲ್‌ನಲ್ಲಿ ಗಟ್ಟಿಯಾಗಿರುತ್ತದೆ.

ಟಮಿಯಾ, ಆಕ್ವಿಯಸ್ ಬಣ್ಣಗಳಿಗೆ

ಎಕ್ಸ್-20ಎ ಹಾಕಿದರೆ ಯೋಚನೆಯೇ ಇಲ್ಲ. ಒಂದಕ್ಕೆ ಒಂದರಿಂದ ಶುರು, ಸಣ್ಣ ಕೆಲಸಕ್ಕೆ ಒಂದಕ್ಕೆ ಎರಡು. ಐಪಿಎ ಅಗ್ಗವಾಗಿ ಸಿಗುತ್ತದೆ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು ಇದನ್ನೇ, ಹಾಗಾಗಿ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ 99 ಶೇಕಡಾದ ಬಾಟಲಿ ಕೇಳಿ. ಆದರೆ ಬರೀ ಐಪಿಎ ಬಲುಬೇಗ ಹಾರುತ್ತದೆ. ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಮಾಡೆಲ್ ಮೇಲೆ ಪುಡಿಯಾಗಿ ಕೂರುತ್ತದೆ, ಬೆರಳಾಡಿಸಿದರೆ ಸೀಮೆಸುಣ್ಣದಂತೆ. 70 ಮಿ.ಲೀ. ಐಪಿಎಗೆ 30 ಮಿ.ಲೀ. ಡಿಸ್ಟಿಲ್ಡ್ ವಾಟರ್ ಮತ್ತು ಅಕ್ರಿಲಿಕ್ ರಿಟಾರ್ಡರ್ ಐದಾರು ಹನಿ ಸೇರಿಸಿದರೆ ಎಕ್ಸ್-20ಎಗೆ ಸಮ ಅಲ್ಲದಿದ್ದರೂ ಮ್ಯಾಟ್ ಬಣ್ಣಕ್ಕೆ ಧಾರಾಳವಾಗಿ ಸಾಕು.

ಹೊಳಪಿನ ಬಣ್ಣ ಕನ್ನಡಿಯಂತೆ ಬರಬೇಕೆಂದರೆ ಮಿಸ್ಟರ್ ಲೆವೆಲಿಂಗ್ ತಿನ್ನರ್. ಇದು ಲ್ಯಾಕರ್ ತಿನ್ನರ್ ಆದರೂ ಟಮಿಯಾ, ಆಕ್ವಿಯಸ್ ಎರಡಕ್ಕೂ ಚೆನ್ನಾಗಿ ಬೆರೆಯುತ್ತದೆ. ಒಳಗೇ ರಿಟಾರ್ಡರ್ ಇರುವುದರಿಂದ ಬಣ್ಣ ಹರಡಿ ಸಮವಾಗಿ ಕೂರಲು ಸಮಯ ಸಿಗುತ್ತದೆ. ಒಂದು ಪಾಲು ಬಣ್ಣ, ಎರಡು ಪಾಲು ತಿನ್ನರ್, 15 ಪಿಎಸ್‌ಐ. ತೆಳುವಾಗಿ ಹೊಡೆದರೆ ಪ್ಲಾಸ್ಟಿಕ್‌ಗೆ ಏನೂ ಆಗದು, ನೀರಾಗಿ ನಿಂತರೆ ಪ್ಲಾಸ್ಟಿಕ್ ಮೇಲೆ ಕೊರೆದ ವಿವರದ ಗೀರುಗಳೆಲ್ಲ ಕರಗಿ ಮಾಯ. ನೀರಿನ ಬಣ್ಣಕ್ಕೆ ಇದರ ಒಂದು ಹನಿಯೂ ಸೋಕಬಾರದು.

ಮೆಡಿಕಲ್ ಶಾಪ್‌ನ ಸರ್ಜಿಕಲ್ ಸ್ಪಿರಿಟ್ ತರಬೇಡಿ. ಚರ್ಮಕ್ಕೆಂದು ಅದರಲ್ಲಿ ಎಣ್ಣೆಯ ಅಂಶ ಸೇರಿಸಿರುವುದುಂಟು, ಅದು ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಂಡಿ ಬೀಳಿಸುತ್ತದೆ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಅದಂತೂ ಬೇಡವೇ ಬೇಡ.

ಮಳೆ ಹಿಡಿದಾಗ

ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಗಾಳಿಯಲ್ಲಿ ತೇವಾಂಶ 90 ಶೇಕಡಾ ಮೀರುವುದು ಮಾಮೂಲು. ತಿನ್ನರ್ ಬಾಟಲಿಯ ಹಿಂದೆ ಬರೆದ ಒಣಗುವ ಸಮಯ ನಮ್ಮ ಜುಲೈಗೆ ಬರೆದದ್ದಲ್ಲ.

ನೀರಿನ ಬಣ್ಣ ಆಗ ಒಣಗಲು ಹೊರಡುವುದೇ ಇಲ್ಲ. ಎರಡನೇ ಕೋಟ್ ಹೊಡೆದರೆ ಮೊದಲಿನದು ಹಸಿಯಾಗಿಯೇ ಇದ್ದು, ಗಾಳಿಯ ಒತ್ತಡಕ್ಕೆ ಜೇಡನ ಕಾಲಿನಂತೆ ನಾಲ್ಕೂ ಕಡೆ ಹರಿಯುತ್ತದೆ. ತಿನ್ನರ್ ಕಡಿಮೆ ಮಾಡಿ, ಕೋಟ್ ತೆಳುವಾಗಿಸಿ, ನಡುವೆ ಅರ್ಧ ಗಂಟೆ ಬಿಡಿ.

ಆಲ್ಕೋಹಾಲ್, ಲ್ಯಾಕರ್‌ಗಳ ಕಾಟ ತಿರುವುಮುರುವು. ಅವು ಹಾರುವ ವೇಗಕ್ಕೆ ಮಾಡೆಲ್‌ನ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ, ಹೊಳಪಿನ ಕಪ್ಪು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಹಾಗಾದರೆ ಉಜ್ಜಬೇಡಿ. ಒಣ ದಿನ ನೋಡಿ ಬರೀ ಲೆವೆಲಿಂಗ್ ತಿನ್ನರ್ ಅನ್ನು ಮಂಜಿನಂತೆ ಒಂದು ಸಲ ಹಾಯಿಸಿದರೆ ಎಷ್ಟೋ ಸಲ ಬಿಳುಪು ಹೋಗುತ್ತದೆ. ತಡೆಯುವ ದಾರಿ ನಿಧಾನವಾಗಿ ಹಾರುವ ತಿನ್ನರ್. ಮಳೆಗಾಲದಲ್ಲಿ ಬರೀ ಐಪಿಎ ಬಿಡಿ, ಲೆವೆಲಿಂಗ್ ತಿನ್ನರ್ ಹಿಡಿಯಿರಿ. ಅಗ್ಗದ್ದೊಂದು ತೇವಾಂಶ ಮೀಟರ್ ತಂದಿಟ್ಟುಕೊಂಡು, 70ರ ಕೆಳಗೆ ಬಂದಾಗ ಮಾತ್ರ ಹೊಳಪಿನ ಕೆಲಸ ಮಾಡಿ. ಹೊಳವಾದ ಮಧ್ಯಾಹ್ನಗಳಲ್ಲಿ ಒಂದೆರಡು ಗಂಟೆ ಅಂಥ ಸಮಯ ಸಿಗುತ್ತದೆ.

ಕಂಪ್ರೆಸರ್‌ಗೂ ಇದೇ ಗಾಳಿ. ಒತ್ತಿದ ಗಾಳಿ ತಣ್ಣಗಾದಾಗ ನೀರು ಬಿಡುತ್ತದೆ. ಅದು ಹೋಸ್‌ನಲ್ಲಿ ಸಾಗಿ ಬಣ್ಣದ ನಡುವೆ ‘ಪುಚಕ್’ ಎಂದು ಉಗುಳಿದಾಗ ನೀವು ತಿನ್ನರ್ ಅನ್ನು ಬೈಯುತ್ತಿರುತ್ತೀರಿ. ಆ ನೀರನ್ನು ಹೋಸ್‌ಗೆ ಬಿಡದೆ ಹಿಡಿದಿಡುವ ಮಾಯಿಶ್ಚರ್ ಟ್ರ್ಯಾಪ್ ಕಡ್ಡಾಯ. ಪ್ರತಿ ಅರ್ಧ ಗಂಟೆಗೆ ಅದರ ನೀರು ಬಿಡಿ, ದಿನದ ಕೊನೆಗೆ ಟ್ಯಾಂಕಿನ ಅಡಿಯ ವಾಲ್ವ್ ತೆರೆದು ಖಾಲಿ ಮಾಡಿ. ಬಣ್ಣ ಹೊಡೆಯುವಾಗ ಕರೆಂಟ್ ಹೋಗುವುದನ್ನಂತೂ ಲೆಕ್ಕಕ್ಕೆ ಹಿಡಿದೇ ಕೂರಬೇಕು. 3 ಲೀಟರ್ ಟ್ಯಾಂಕಿನಲ್ಲಿ ಉಳಿದ ಗಾಳಿಯನ್ನು ಬಣ್ಣಕ್ಕೆ ಖರ್ಚು ಮಾಡದೆ, ಕಪ್ ಖಾಲಿ ಮಾಡಿ ತೊಳೆಯಲು ಬಳಸಿ. ಹಿಂಡುವ ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಕ್ಲೀನರ್ ಕೈಗೆಟುಕುವಲ್ಲೇ ಇರಲಿ.

ಮಾಡೆಲ್ ಬೇಗ ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಉಪಾಯ ಬೇಡ. ಹೊಗೆಯ ಜಿಡ್ಡು ಬಣ್ಣಕ್ಕೆ ಹಿಡಿಯುತ್ತದೆ, ಶಾಖಕ್ಕೆ ವಿಮಾನದ ಮಾಡೆಲ್ ಆದರೆ ರೆಕ್ಕೆ ಬಾಗುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲ ಹಾಕಿಟ್ಟರೆ ನಿಧಾನವಾದರೂ ಧೂಳಿಲ್ಲದೆ ಒಣಗುತ್ತದೆ.

ಕ್ಲೀನರ್ ಬೇರೆ, ತಿನ್ನರ್ ಬೇರೆ

ತಿನ್ನರ್ ಬಣ್ಣದ ಪೊರೆ ಕೆಡದಂತೆ ಅದನ್ನು ತೆಳು ಮಾಡಬೇಕು, ಕ್ಲೀನರ್ ಆ ಪೊರೆಯನ್ನೇ ಒಡೆಯಬೇಕು. ಕ್ಲೀನರ್ ಅನ್ನು ಬಣ್ಣಕ್ಕೆ ಬೆರೆಸಿದರೆ ಅಂಟು ಕೆಟ್ಟು ಬಣ್ಣ ಮಾಡೆಲ್‌ಗೆ ಹಿಡಿಯುವುದಿಲ್ಲ. ತಿನ್ನರ್‌ನಿಂದ ತೊಳೆದರೆ ಹಸಿ ಬಣ್ಣ ಹೋಗುತ್ತದೆ, ಒಣಗಿದ್ದು ಹಾಗೆಯೇ ಉಳಿಯುತ್ತದೆ. ಒಮ್ಮೆ ಒಣಗಿದ ನೀರಿನ ಬಣ್ಣ ನೀರಿಗೆ ಕರಗುವುದಿಲ್ಲ, ಅದಕ್ಕೇ ಬೇರೆ ಏರ್‌ಬ್ರಷ್ ಕ್ಲೀನರ್ ಬೇಕಾಗಿರುವುದು.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್ ಒಳ್ಳೆಯ ಕ್ಲೀನರ್, ಕೆಟ್ಟ ತಿನ್ನರ್. ಒಣಗಿದ ಅಕ್ರಿಲಿಕ್ ಅನ್ನು ನಾಜಲ್‌ನಿಂದ ಚೆನ್ನಾಗಿ ಬಿಡಿಸುತ್ತದೆ. ಆದರೆ ಮಾಡೆಲ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅನ್ನು ಕರಗಿಸುತ್ತದೆ, ಥರ್ಮೋಕೋಲ್ ಅನ್ನಂತೂ ಕಣ್ಣೆದುರೇ ತಿಂದುಹಾಕುತ್ತದೆ. ಅಸಿಟೋನ್ ಕೂಡ ಹಾಗೆಯೇ, ಇನ್ನೂ ಚುರುಕು. ಎರಡೂ ಬಿಚ್ಚಿದ ಲೋಹದ ಭಾಗಗಳಿಗಷ್ಟೇ, ಕಪ್ಪು ರಬ್ಬರ್ ಓ-ರಿಂಗ್ ತೆಗೆದ ಮೇಲೆ. ಇಲ್ಲದಿದ್ದರೆ ರಬ್ಬರ್ ಉಬ್ಬಿ ಟ್ರಿಗರ್ ಬಿಗಿಯಾಗುತ್ತದೆ. ಬಿಳಿಯ ಪಿಟಿಎಫ್‌ಇ (ಟೆಫ್ಲಾನ್) ಸೀಲ್‌ಗೆ ತೊಂದರೆಯಿಲ್ಲ. ಟರ್ಪೆಂಟೈನ್ ಎನಾಮೆಲ್ ಮತ್ತು ಆಯಿಲ್ ಬಣ್ಣಕ್ಕೆ, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಅಮೋನಿಯಾ ಇರುವ ಗಾಜಿನ ಕ್ಲೀನರ್ ಹಸಿ ಅಕ್ರಿಲಿಕ್ ಅನ್ನು ಬಿಡಿಸುತ್ತದೆ ನಿಜ. ಹಾಯಿಸಿ ತಕ್ಷಣ ನೀರಲ್ಲಿ ತೊಳೆದರೆ ಸರಿ, ಅದರಲ್ಲಿ ನೆನೆಹಾಕುವುದು ತಪ್ಪು. ಏರ್‌ಬ್ರಷ್‌ನ ಒಳಮೈ ಹಿತ್ತಾಳೆ. ಮೇಲಿನ ಕ್ರೋಮ್ ಸವೆದ ಕಡೆ ಅಮೋನಿಯಾ ಅದರ ತಾಮ್ರವನ್ನು ಎಳೆದುಕೊಳ್ಳುತ್ತದೆ. ಬಣ್ಣವಿಲ್ಲದ ಕ್ಲೀನರ್‌ನಲ್ಲಿ ನೆನೆಸಿಟ್ಟ ಕಪ್ ಬೆಳಿಗ್ಗೆ ತಿಳಿನೀಲಿ ನೀರಿನಲ್ಲಿ ಕೂತಿದ್ದರೆ, ಆ ನೀಲಿ ನಿಮ್ಮ ಏರ್‌ಬ್ರಷ್‌ನದೇ.

ತೊಳೆಯುವ ಕ್ರಮ

ಬಣ್ಣ ಬದಲಿಸುವಾಗ, ಎರಡೂ ನೀರಿನ ಬಣ್ಣವಾದರೆ: ಕಪ್ ಖಾಲಿ ಮಾಡಿ, ನೀರು ಅರ್ಧ ಕಪ್ ಹಾಯಿಸಿ, ಮೆತ್ತನೆ ಬ್ರಷ್‌ನಿಂದ ಕಪ್ಪಿನ ತಳ ತಿಕ್ಕಿ, ಮತ್ತೆ ನೀರು. ತಿಳಿಯಿಂದ ಗಾಢಕ್ಕೆ ಹೋದರೆ ಇಷ್ಟು ಸಾಕು. ಕಪ್ಪು ಅಥವಾ ಮೆಟಾಲಿಕ್ ಆದ ಮೇಲೆ ಬಿಳಿಯಾದರೆ ನಡುವೆ ಕ್ಲೀನರ್ ಹತ್ತು ಹನಿ.

ನೀರಿನ ಬಣ್ಣದಿಂದ ಟಮಿಯಾಕ್ಕೆ ದಾಟುವಾಗಲೇ ಹೆಚ್ಚಿನವರು ಸಿಕ್ಕಿಬೀಳುವುದು. ಕ್ರಮ ತಪ್ಪಬಾರದು: ನೀರು, ಕ್ಲೀನರ್, ಮತ್ತೆ ನೀರು, ಆಮೇಲೆ ಐಪಿಎ, ಕೊನೆಗೆ ಟಮಿಯಾ. ಹಿಂದಿರುಗುವಾಗ ಐಪಿಎ, ನೀರು, ಆಮೇಲೆ ವ್ಯಾಲೆಹೊ. ಲ್ಯಾಕರ್ ಆದ ಮೇಲಾದರೆ ಇದರ ಮುಂಚೆ ಲ್ಯಾಕರ್ ತಿನ್ನರ್ ಒಂದು ಸುತ್ತು.

ದಿನದ ಕೊನೆಗೆ ಪೂರಾ ಬಿಚ್ಚಿ ತೊಳೆಯುವುದು ಹೀಗೆ:

1. ಬಣ್ಣದ ಜಾತಿಗೆ ತಕ್ಕ ದ್ರವ ಹಾಯಿಸಿ, ಬಿಳಿ ಟಿಶ್ಯೂ ಮೇಲೆ ಬಣ್ಣವಿಲ್ಲದೆ ಬರುವವರೆಗೆ.
2. ಕಪ್ಪಿನಲ್ಲಿ ಕ್ಲೀನರ್ ಇರುವಾಗ ನಾಜಲ್ ಕ್ಯಾಪ್‌ಗೆ ಬಟ್ಟೆ ಒತ್ತಿ ಟ್ರಿಗರ್ ಸ್ವಲ್ಪ ಎಳೆಯಿರಿ. ಕಪ್ಪಿನಲ್ಲಿ ಗುಳ್ಳೆ ಏಳುತ್ತದೆ, ಸಿಕ್ಕಿಕೊಂಡದ್ದು ಹಿಂದಕ್ಕೆ ಬರುತ್ತದೆ. ಚೆಲ್ಲಿ, ಮತ್ತೊಮ್ಮೆ.
3. ಗಾಳಿ ಬಂದ್ ಮಾಡಿ, ಸೂಜಿಯನ್ನು ಹಿಡಿದಿರುವ ಹಿಂದಿನ ಚಕ್ ಸಡಿಲಿಸಿ ಸೂಜಿಯನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಕ್ಲೀನರ್ ಹಾಕಿದ ಟಿಶ್ಯೂವಿನಲ್ಲಿ ಹಿಡಿದು, ತುದಿಯ ಕಡೆಗೆ ತಿರುಗಿಸುತ್ತಾ ಒರೆಸಿ. ತುದಿ ಬಾಗಿದರೆ ಬಣ್ಣ ಒಂದೇ ಪಕ್ಕಕ್ಕೆ ಹಾರುತ್ತದೆ.
4. ಕ್ಯಾಪ್ ಮತ್ತು ನಾಜಲ್ ಬಿಚ್ಚಿ. ತಿರುಪಿನ ನಾಜಲ್ ಆದರೆ ಜೊತೆಗೆ ಬಂದ ಸ್ಪ್ಯಾನರ್‌ನಿಂದ ಹಗುರವಾಗಿ. ಬಿಗಿ ಮಾಡುವಾಗಲೂ ಎರಡು ಬೆರಳಿನ ಬಲವೇ ಸಾಕು, ಹೆಚ್ಚಾದರೆ ಕತ್ತು ಮುರಿದು ಒಳಗೇ ಉಳಿದುಬಿಡುತ್ತದೆ.
5. ನಾಜಲ್ ಅನ್ನು ಸಣ್ಣ ಗಾಜಿನ ಸೀಸೆಯಲ್ಲಿ ಲ್ಯಾಕರ್ ತಿನ್ನರ್‌ನಲ್ಲಿ 15ರಿಂದ 30 ನಿಮಿಷ ನೆನೆಸಿ. ಟೂತ್‌ಪಿಕ್‌ನ ತುದಿಯನ್ನು ಸಣ್ಣಗೆ ಕೆತ್ತಿ, ತೇವ ಮಾಡಿ, ನಾಜಲ್‌ನ ಹಿಂದಿನ ಕಡೆಯಿಂದ ಹಾಕಿ ತಿರುಗಿಸಿ. ಗುಂಡುಸೂಜಿ ಹಾಕಿದರೆ ನಾಜಲ್‌ನ ಬಾಯಿ ಅಗಲವಾಗಿ ಹೊಸದನ್ನೇ ತರಬೇಕು.
6. ಮೈಯ ಒಳದಾರಿಯನ್ನು ಹಲ್ಲಿನ ಸಂದಿಗೆ ಬಳಸುವ ಸಣ್ಣ ಬ್ರಷ್‌ನಿಂದ ಉಜ್ಜಿ. ಇಡೀ ಏರ್‌ಬ್ರಷ್ ಅನ್ನು ದ್ರವದಲ್ಲಿ ಮುಳುಗಿಸಬೇಡಿ.
7. ಸೂಜಿಗೆ ಏರ್‌ಬ್ರಷ್ ಲೂಬ್ ಚುಕ್ಕಿಯಷ್ಟು, ತುದಿ ಬಿಟ್ಟು. ತೆಂಗಿನೆಣ್ಣೆ, ಹೊಲಿಗೆ ಮಿಷಿನ್ ಎಣ್ಣೆ ಬೇಡ. ಮುಂದಿನ ಬಣ್ಣದಲ್ಲಿ ಮೀನಿನ ಕಣ್ಣು ಬೀಳುವುದು ಖಾತ್ರಿ.

ಜೋಡಿಸಿದ ಮೇಲೆ ಕಪ್ಪಿಗೆ ನೀರು ಹಾಕಿ ಗಾಳಿ ಬಿಡಿ. ಬಟ್ಟೆ ಒತ್ತದೆಯೇ ಗುಳ್ಳೆ ಬಂದರೆ ನಾಜಲ್ ಸರಿಯಾಗಿ ಕೂತಿಲ್ಲ. ಅಲ್ಟ್ರಾಸಾನಿಕ್ ಕ್ಲೀನರ್ ಇದ್ದರೆ ತೊಟ್ಟಿಗೆ ನೀರು ಮತ್ತು ಪಾತ್ರೆ ಸೋಪಿನ ಒಂದು ಹನಿ ಮಾತ್ರ. ಅದಕ್ಕೆ ಐಪಿಎ, ಎನ್‌ಸಿ ತಿನ್ನರ್ ಸುರಿದರೆ ಬೆಂಕಿಗೆ ನೀವೇ ಆಹ್ವಾನ ಕೊಟ್ಟಂತೆ.

ಬೆಂಕಿ, ಬಾಟಲಿ, ಉಳಿದ ಕೊಳೆ

ಐಪಿಎ ಆವಿ 12 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲದು, ಅಂದರೆ ನಮ್ಮಲ್ಲಿ ವರ್ಷವಿಡೀ. ಈ ಆವಿಗಳು ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತವೆ. ಮಲೆನಾಡಿನ ಮನೆಯಲ್ಲಿ ಮಳೆಗಾಲವಿಡೀ ಬಚ್ಚಲೊಲೆ ಆರುವುದಿಲ್ಲ, ಸುಗ್ಗಿಯಲ್ಲಿ ಅಂಗಳದಲ್ಲಿ ಅಡಿಕೆ ಬೇಯುತ್ತಿರುತ್ತದೆ. ಹಿತ್ತಲ ಕಡೆಯ ಕೋಣೆಯಲ್ಲಿ ಕೂತು ಲ್ಯಾಕರ್ ಹೊಡೆಯುವ ಮುಂಚೆ ಒಲೆ ಯಾವ ಕಡೆಗಿದೆ ನೋಡಿ. ಎನ್95 ಮಾಸ್ಕ್ ಬಣ್ಣದ ಕಣ ತಡೆಯುತ್ತದೆ, ಆವಿಯನ್ನಲ್ಲ. ಲ್ಯಾಕರ್‌ಗೆ ಆರ್ಗಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಆಗಬೇಕು.

99 ಶೇಕಡಾದ ಐಪಿಎ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಮುಚ್ಚಳ ತೆರೆದಿಟ್ಟರೆ ಮಳೆಗಾಲದಲ್ಲಿ ಅದು 99 ಆಗಿ ಉಳಿಯುವುದಿಲ್ಲ. ಎನ್‌ಸಿ ತಿನ್ನರ್ ತಗಡಿನ ಡಬ್ಬಿಯಲ್ಲಿ ಅಥವಾ ಗಾಜಿನಲ್ಲಿರಲಿ. ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಯಾವ ತಿನ್ನರನ್ನೂ ಇಡಬೇಡಿ, ಮಕ್ಕಳು ಬಾಟಲಿ ನೋಡುತ್ತಾರೆ, ಲೇಬಲ್ ಓದುವುದಿಲ್ಲ.

ತೊಳೆದ ಕೊಳೆನೀರು ಬಚ್ಚಲಿಗೆ ಹೋದರೆ ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ. ತೀರ್ಥಹಳ್ಳಿ ಬಳಿಯ ಸಿಬ್ಬಲಗುಡ್ಡೆಯಲ್ಲಿ ಮಂಡಕ್ಕಿ ಹಾಕಿ ನೋಡುವ ಮೀನುಗಳೂ ಇರುವುದು ಅದೇ ಹೊಳೆಯಲ್ಲಿ. ಅಗಲ ಬಾಯಿಯ ತಗಡಿನ ಡಬ್ಬಿಯಲ್ಲಿ ಹಳೆಯ ಪೇಪರ್ ಚೂರು ತುಂಬಿ, ಕೊಳೆಯನ್ನೆಲ್ಲ ಅದಕ್ಕೆ ಸುರಿಯಿರಿ. ಮಳೆ ಬೀಳದ, ಒಲೆಯಿಂದ ದೂರದ ಹೊರಜಗುಲಿಯಲ್ಲಿ ಒಣಗಲು ಬಿಡಿ. ಪೂರಾ ಒಣಗಿದ ಮೇಲೆ ಒಣಕಸದ ಗಾಡಿಗೆ ಕೊಡಿ. ಹಂಡೆಯ ಒಲೆಗೆ ಹಾಕಬೇಡಿ.